ಕಾಫಿ ಅಂತ ಕರೀಬೇಡ್ರಪ್ಪಾ ಅದನ್ನ!

ಹೋದ ತಿಂಗಳು ಅಪ್ಪ ಯಂಕಂಚಿಯಿಂದ ಬೆಂಗಳೂರಿಗೆ ಬಂದಿದ್ದರು. ಅವರಿಗೆ ಶುಗರ್ ಇದೆ, ಊರಲ್ಲಿ ಸಕ್ಕರೆ ಇಲ್ಲದ ಚಾ ಕುಡೀತಾರೆ. ಬಿಸಿಲು ಅಂತ ಆಫೀಸ್ ಹತ್ತಿರದ ಒಂದು ಕಾಫಿ ಅಂಗಡಿಗೆ ಕರ್ಕೊಂಡು ಹೋದೆ. "ಸಕ್ಕರೆ ಬೇಡ" ಅಂದೆ. ಕೌಂಟರ್ ಹುಡುಗ "ಎಕ್ಸ್‌ಟ್ರಾ ಹಾಕಲ್ಲ ಸರ್" ಅಂದ. ಐಸ್ ಹಾಕಿ ರುಬ್ಬಿದ ಕಾಫಿ ಬಂತು, ಮೇಲೆ ಕ್ರೀಮಿನ ಗುಡ್ಡ. ಎರಡು ಗುಟುಕಿಗೇ ಅಪ್ಪ ಗ್ಲಾಸ್ ಕೆಳಗಿಟ್ಟರು. "ತಮ್ಮಾ, ಕಾಫಿ ಅಂತ ಹೇಳಿ ಐಸ್‌ಕ್ರೀಮ್ ಕುಡಸ್ಲಾಕತ್ತೀಯಲ್ಲೊ!"

ಇಂಜಿನಿಯರ್ ಆದ ನನಗೆ ಗೊತ್ತಾಗದ್ದು ಅಪ್ಪನ ನಾಲಿಗೆಗೆ ಗೊತ್ತಾಯ್ತು. ನಾಚಿಕೆಯಾಯ್ತು.

ಈ ಪಾನೀಯದ ಜಾತಕ ನೋಡಿ. ಅಮೆರಿಕದ ಬಾಸ್ಟನ್ ಕಡೆ 'ಫ್ರಾಪ್' ಅಂದ್ರೆ ಐಸ್‌ಕ್ರೀಮ್ ಹಾಕಿದ ಮಿಲ್ಕ್‌ಶೇಕ್. ಅಲ್ಲಿನ ಕಾಫಿ ಕನೆಕ್ಷನ್ ಅನ್ನೋ ಕಂಪನಿ ಅದಕ್ಕೆ ಕ್ಯಾಪುಚಿನೋ ಜೋಡಿಸಿ 'ಫ್ರಾಪುಚಿನೋ' ಅಂತ ಹೆಸರಿಟ್ಟಿತು. 1994ರಲ್ಲಿ ಸ್ಟಾರ್‌ಬಕ್ಸ್ ಆ ಕಂಪನಿಯನ್ನೇ ಕೊಂಡು, 1995ರಲ್ಲಿ ತನ್ನ ಅಂಗಡಿಗಳಲ್ಲಿ ಮಾರೋಕೆ ಶುರು ಮಾಡಿತು. ಮರುವರ್ಷ, 1996ರಲ್ಲಿ, ನಮ್ಮ ಬ್ರಿಗೇಡ್ ರೋಡಲ್ಲಿ ಕೆಫೆ ಕಾಫಿ ಡೇ ಬಾಗಿಲು ತೆರೀತು. ತಣ್ಣನೆ ಕಾಫಿ ಹೀರೋ ಚಟ ನಮಗೂ ಹತ್ತಿತು. ಅಂದ್ರೆ ಹುಟ್ಟಿನಿಂದಲೇ ಇದು ಮಿಲ್ಕ್‌ಶೇಕ್, ಕಾಫಿ ಅಲ್ಲ!

ಲೆಕ್ಕ ಬೇಕಾ? ಅಮೆರಿಕದಲ್ಲಿ 16 ಔನ್ಸಿನ ಕ್ಯಾರಮೆಲ್ ಫ್ರಾಪುಚಿನೋ ಅಂದ್ರೆ ಸುಮಾರು 380 ಕ್ಯಾಲೊರಿ, 50 ಗ್ರಾಂ ದಾಟಿದ ಸಕ್ಕರೆ. ಹನ್ನೆರಡು ಚಮಚ! ಹಾಲಿನಲ್ಲೇ ಇರೋ ಸಕ್ಕರೆಯನ್ನ ಕಳೀರಿ, ಆದ್ರೂ ಬಹಳ. ಮೇಲಿಂದ ಹಾಕೋ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ರೆ ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಮ್ಮಿ ಗೊತ್ತಾಗ್ತದೆ, ಐಸ್ ಕರಗಿ ರುಚಿ ನೀರಾಗ್ತದೆ. ಅದಕ್ಕೇ ಸಿರಪ್ ಸುರೀತಾರೆ.

"ಬೇಕಾದವರು ಕುಡೀತಾರೆ, ನಿಂಗೇನಪ್ಪಾ ಹೊಟ್ಟೆಕಿಚ್ಚು?" ಅಂತೀರಾ? ಕುಡೀರಿ ಸ್ವಾಮಿ, ನಾನೂ ಕುಡೀತೀನಿ. ಹೋಳಿಗೆ ತಿನ್ನಬೇಡಿ ಅಂತ ಹೇಳ್ತಿಲ್ಲ. ಆದ್ರೆ ಹೋಳಿಗೆನ ಜೋಳದ ರೊಟ್ಟಿ ಅಂತ ಹೇಳಿ ಯಾರೂ ಬಡಿಸಲ್ಲವಲ್ಲ!

ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಅಂಗಡಿ ಇರೋರು ಮೆನುವಿನಲ್ಲಿ ಕ್ಯಾಲೊರಿ ಬರೀಬೇಕು ಅನ್ನೋ ನಿಯಮ 2022ರಿಂದ ನಮ್ಮಲ್ಲೂ ಇದೆ. ಸರಿ, ಆದರೆ ಶುಗರ್ ಇರೋರಿಗೆ ಕ್ಯಾಲೊರಿ ಒಂದೇ ಕಟ್ಕೊಂಡು ಏನಾಗಬೇಕು? ಸಕ್ಕರೆ ಎಷ್ಟು ಗ್ರಾಂ ಅನ್ನೋದನ್ನೂ ಬೆಲೆ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಕನ್ನಡದಲ್ಲೂ ಬರೀಲಿ. ಅಲ್ಲೀವರೆಗೆ ನೀವೇ ಕೌಂಟರಲ್ಲಿ ಕೇಳಿ. ಕೇಳೋಕೆ ದುಡ್ಡು ಕೊಡಬೇಕಿಲ್ಲ.

ಅವತ್ತು ಉಳಿದ ಗ್ಲಾಸ್ ನಾನೇ ಖಾಲಿ ಮಾಡಿದೆ. ಅಪ್ಪ ರೂಮಿಗೆ ಬಂದು ಸಕ್ಕರೆ ಇಲ್ಲದ ಚಾ ಮಾಡ್ಕೊಂಡ್ರು.