ಮತ್ತೆ ನೊಗ ಹೂಡುವ ಹೊತ್ತು

2023ರಲ್ಲಿ ಮುಂಗಾರು ಕೈಕೊಟ್ಟಿತು. ಕೃಷ್ಣರಾಜಸಾಗರ ತನ್ನ 124.80 ಅಡಿಯ ಮಟ್ಟವನ್ನು ಆ ವರ್ಷ ಮುಟ್ಟಲಿಲ್ಲ. ನಾಲೆಯನ್ನೇ ನಂಬಿದ ಗದ್ದೆಗಳು ಬೀಳುಬಿದ್ದವು. 2024ರ ಜುಲೈನಲ್ಲಿ ಕಟ್ಟೆ ತುಂಬಿತು, ಹೇಮಾವತಿಯೂ ಮೈದುಂಬಿ ಹರಿದಳು. ನೀರು ಬಂದೊಡನೆ ಎಲ್ಲರೂ ಹೊಲಕ್ಕಿಳಿದಾರೆಂದು ಕೃಷ್ಣರಾಜಪೇಟೆಯ ಕಡೆಯ ನಾವು ಭಾವಿಸಿದ್ದೆವು. ಬಹುಮಂದಿ ಇಳಿದರು. ಬರದ ವರ್ಷ ಅರಳಿಕಟ್ಟೆಯ ಮೇಲೆ ಕುಳಿತ ಕೆಲವರು ಮಾತ್ರ ಅಲ್ಲಿಯೇ ಉಳಿದರು. "ಯಾಕೋ ಕೈಯೇ ಓಡಕಿಲ್ಲ ಸ್ವಾಮಿಯೋರೆ" ಎಂದರೊಬ್ಬರು.

ಇದನ್ನು ಸೋಮಾರಿತನವೆನ್ನಲು ನಾವು ಒಪ್ಪೆವು. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ತಪಸ್ವಿ ಎವಾಗ್ರಿಯಸ್ ಈ ಸ್ಥಿತಿಯನ್ನು ಬಲ್ಲವನಾಗಿದ್ದ. ಅವನು ಅದನ್ನು 'ಅಕೇದಿಯಾ' ಎಂದು ಕರೆದು, ನಡುಹಗಲಿನ ಪಿಶಾಚಿಗೆ ಹೋಲಿಸಿದ. ಸೂರ್ಯ ನಿಂತಲ್ಲೇ ನಿಂತಂತೆ ತೋರುತ್ತಾನೆ, ಸನ್ಯಾಸಿ ಮತ್ತೆ ಮತ್ತೆ ಕಿಟಕಿಯ ಕಡೆ ನೋಡುತ್ತಾನೆ, ಇದ್ದ ಜಾಗವೂ ಹಿಡಿದ ಕೆಲಸವೂ ಅವನಿಗೆ ಬೇಸರವಾಗುತ್ತವೆ. ಪೋಪ್ ಫ್ರಾನ್ಸಿಸ್ ಅವರು 2024ರ ಫೆಬ್ರವರಿ 14ರ ವಿಭೂತಿ ಬುಧವಾರದಂದು ಇದೇ ಜಾಡ್ಯವನ್ನು ಕುರಿತು ಬೋಧಿಸಿದರು. ದೊಡ್ಡ ಸಂಕಲ್ಪಗಳನ್ನು ಬದಿಗಿಟ್ಟು, ಕೈಗೆಟುಕುವ ಸಣ್ಣ ಗುರಿಗಳನ್ನು ಹಿಡಿಯಬೇಕೆಂಬುದು ಅವರ ಸಲಹೆಯಾಗಿತ್ತು.

ಮನಸ್ಸು ಬಂದಮೇಲೆ ಕೆಲಸವೆಂದು ನಾವು ಕಾಯುತ್ತೇವೆ. ಅರಿಸ್ಟಾಟಲ್ ಹೇಳಿದ್ದು ಬೇರೆ: ಗುಣವು ಮಾಡುವುದರಿಂದಲೇ ಹುಟ್ಟುತ್ತದೆ. ಇದನ್ನು ತಿಳಿಯಲು ನಮ್ಮ ರೈತನಿಗೆ ಗ್ರೀಸಿನ ತತ್ತ್ವಜ್ಞಾನಿ ಬೇಕಿಲ್ಲ. ಬಹುಕಾಲ ಹೂಡದ ಎತ್ತಿನ ಹೆಗಲು ಮೆತ್ತಗಾಗಿರುತ್ತದೆ. ಮೊದಲ ದಿನವೇ ಎಕರೆ ಉತ್ತರೆ ಹೆಗಲು ಹುಣ್ಣಾಗುತ್ತದೆ. ನಾಲ್ಕು ಸಾಲು ಹೊಡೆದು ಬಿಚ್ಚಿ, ಮರುದಿನ ಎಂಟು ಸಾಲು ಹೊಡೆಯುತ್ತಾರೆ. ಎತ್ತಿಗೆ ತೋರುವ ಈ ವಿವೇಕವನ್ನು ನಮಗೆ ನಾವೇ ತೋರುವುದಿಲ್ಲ! ನಮ್ಮದೂ ಅದೇ ಕಥೆ. ಮಂಡಿನೋವಿನ ನೆಪದಲ್ಲಿ ಮನೆಭೇಟಿ ನಿಂತು ತಿಂಗಳುಗಳೇ ಕಳೆದಿದ್ದವು. ತಪಸ್ಸುಕಾಲ ಮುಗಿಯುವುದರೊಳಗೆ ಎಲ್ಲ ಮನೆಗಳನ್ನೂ ಮುಗಿಸುವೆವೆಂದು ಪಟ್ಟಿ ಬರೆದೆವು. ಅದು ಮೇಜಿನ ಮೇಲೆಯೇ ಉಳಿಯಿತು. ಕೊನೆಗೆ ಸಂಜೆಗೆ ಒಂದೇ ಮನೆಯೆಂದು ಹೊರಟ ಮೇಲೆ ಕಾಲು ಮಾತು ಕೇಳಿತು.

ಸಾಲಗಾರನಿಗೆ ಇಷ್ಟೇ ಸಾಲದೆಂಬುದೂ ನಿಜ. 2015ರಲ್ಲಿ ನಮ್ಮ ಜಿಲ್ಲೆಯ ಕಬ್ಬು ಬೆಳೆಗಾರರ ಮನೆಗಳಲ್ಲಿ ಸಂಭವಿಸಿದ ಸಾವುಗಳನ್ನು ಮರೆತವರಾರು? ವಾರಗಟ್ಟಲೆ ನಿದ್ದೆಯಿಲ್ಲದವನಿಗೆ, ಸಾವಿನ ಮಾತಾಡುವವನಿಗೆ ಉಪದೇಶ ಬೇಡ, ವೈದ್ಯರು ಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕನ್ನಡದಲ್ಲಿಯೇ ಮಾತನಾಡಬಹುದು.

ಉಳಿದವರ ವಿಷಯದಲ್ಲಿ ಮನೆಯವರಿಗೆ ನಮ್ಮದೊಂದು ಬಿನ್ನಹ. ಕಟ್ಟೆಯ ಮೇಲೆ ಕುಳಿತ ಅಣ್ಣನನ್ನೋ ಮಗನನ್ನೋ ನಾಲ್ಕು ಜನರೆದುರು ಹಂಗಿಸಬೇಡಿ. ನಾಳೆ ಬೆಳಿಗ್ಗೆ ಬಿಸಿಲೇರುವ ಮುನ್ನ ಬುತ್ತಿ ಕಟ್ಟಿಕೊಂಡು ಅವನ ಜೊತೆ ಹೊಲದ ಬದುವಿನವರೆಗೆ ನಡೆಯಿರಿ. ಒಂದು ಮಡಿ ಹಸನಾದರೆ ಆ ದಿನಕ್ಕೆ ಸಾಕೆಂದು ಹೇಳಿ, ಕರೆದುಕೊಂಡು ಬನ್ನಿ.