ಬಿಟ್ಟ ಮನೆಗೂ ಒಡೆಯರುಂಟು



ಬರುವ ಜೂನ್ ತಿಂಗಳಲ್ಲಿ ನಾವು ದಂಪತಿಗಳು ಕೆನಡಾ ದೇಶದ ಸಸ್ಕಾಚವಾನ್ ಪ್ರಾಂತದಲ್ಲಿರುವ ಮಗನ ಮನೆಗೆ ಹೊರಟಿದ್ದೇವೆ. ಚಾತುರ್ಮಾಸ ಕೂಡುವುದರೊಳಗೆ ಮರಳಿ ಬರಬೇಕೆಂಬುದು ನಮ್ಮ ಕರಾರು. ಅಲ್ಲಿ ನಮ್ಮ ಮೊಮ್ಮಗನಿಗೆ ಫೋಟೋ ತೆಗೆಯುವ ಹುಚ್ಚು. "ಅಜ್ಜಾ, ನಾಲ್ಕು ದಿವಸ ಕಾರಿನಲ್ಲಿ ಹಾಳೂರುಗಳನ್ನು ನೋಡುತ್ತ ಹೋಗೋಣ" ಎಂದು ಫೋನಿನಲ್ಲಿ ಹೇಳಿದ. "ಹಾಳೂರು ನೋಡಲು ಅಷ್ಟು ದೂರ ಹೋಗಬೇಕೆ? ನಮ್ಮ ಜತ್ತ ಸೀಮೆಯಲ್ಲಿ ಕಡಿಮೆಯೆ?" ಎಂದು ಮನೆಯವರು ನಕ್ಕರು.

ಆ ಪ್ರಾಂತದ ಹೆಸರು ನಮಗೆ ಹೊಸದಲ್ಲ. ನಮ್ಮ ಅಡತಿ ಅಂಗಡಿಗೆ ಬರುವ ಕೆನಡಾ ಮಸೂರ ಬಹುಪಾಲು ಅಲ್ಲಿಯ ಬೆಳೆ. ಪ್ರೇರಿ ಎಂದು ಕರೆಯುವ ಆ ಬಯಲುಸೀಮೆಯಲ್ಲಿ 1872ರ ಕಾಯ್ದೆಯಂತೆ ಹತ್ತು ಡಾಲರ್ ಕಟ್ಟಿದವನಿಗೆ 160 ಎಕರೆ ಜಮೀನು ಕೊಡುತ್ತಿದ್ದರು. ರೈಲು ಕಂಪನಿಗಳು ಎಂಟು ಹತ್ತು ಮೈಲಿಗೊಂದು ನಿಲ್ದಾಣ ಮಾಡಿದವು. ರೈತ ಕುದುರೆ ಗಾಡಿಯಲ್ಲಿ ಗೋಧಿ ತಂದು ಹಾಕಿ ಅದೇ ದಿನ ಮನೆ ಸೇರಬೇಕೆಂಬುದು ಲೆಕ್ಕ. ನಿಲ್ದಾಣವಿದ್ದಲ್ಲಿ ಕಟ್ಟಿಗೆಯ ಎತ್ತರದ ಧಾನ್ಯದ ಕಣಜ, ಕಿರಾಣಿ ಅಂಗಡಿ, ಶಾಲೆ, ಚರ್ಚು. ಇಂಥ ಕಣಜಗಳು ಪ್ರೇರಿಯಲ್ಲಿ 1930ರ ದಶಕದಲ್ಲಿ 5,700ಕ್ಕೂ ಹೆಚ್ಚಾಗಿದ್ದವು.

ಅದೇ ದಶಕದಲ್ಲಿ ಬರ ಬಿದ್ದು ಮಣ್ಣು ಧೂಳಾಗಿ ಹಾರಿತು. ಆ ನೆಲದ ದಕ್ಷಿಣ ಭಾಗ ಬೇಸಾಯಕ್ಕೆ ಒಗ್ಗದೆಂದು 1857ರಿಂದ 1860ರವರೆಗೆ ಸಂಚರಿಸಿದ ಪಾಲಿಸರ್ ಎಂಬವರು ಮೊದಲೇ ಹೇಳಿದ್ದರು. ಮುಂದೆ ಲಾರಿ ಬಂತು, ದೊಡ್ಡ ಯಂತ್ರ ಬಂತು, ಹತ್ತು ಮನೆಯ ಜಮೀನು ಒಂದು ಮನೆಗೆ ಸೇರಿತು. ಕವಲು ರೈಲುಹಳಿ ಕಿತ್ತರು. ಧಾನ್ಯ ಸಾಗಣೆಗೆ ಸರಕಾರ ಕೊಡುತ್ತಿದ್ದ ಸಹಾಯಧನ 1995ರಲ್ಲಿ ನಿಂತಿತು. ಗಿರಾಕಿ ಹೋದ ಮೇಲೆ ಅಂಗಡಿಕಾರ ಎಷ್ಟು ದಿನ ಕೂತಾನು?

13ನೆಯ ನಂಬರಿನ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೋಗಿ ರಾಬ್ಸಾರ್ಟ್, ವಿಡೋರಾ, ಸೆನೆಟ್, ಗವನ್‌ಲಾಕ್ ನೋಡುವುದೆಂದು ಗೊತ್ತಾಗಿದೆ. ಪೆಟ್ರೋಲ್ ಪಂಪು ವಿರಳವಾದ್ದರಿಂದ ಟಾಕಿ ತುಂಬಿಸಿಯೇ ಹೊರಡಬೇಕು. ಮಳೆಯಾದರೆ ಮಣ್ಣಿನ ರಸ್ತೆ ನಮ್ಮ ಎರಿ ಹೊಲದಂತೆ ಗಾಲಿ ಹಿಡಿಯುತ್ತದೆ. ಸೋಸಿದ ನೀರು, ಕಟಕ ರೊಟ್ಟಿ, ಶೇಂಗಾ ಹಿಂಡಿ ಜೊತೆಗಿರಬೇಕು. ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಮೇಲೆ. ರಾತ್ರಿಭೋಜನ ತ್ಯಾಗಕ್ಕೆ ತೊಂದರೆಯಿಲ್ಲ.

ತೊಡಕು ಬಂದದ್ದು ಬೇರೆ ಕಡೆ. "ಅಲ್ಲಿ ಯಾರೂ ಇಲ್ಲ ಅಜ್ಜಾ. ಒಳಗೆ ಹೋಗಿ ಫೋಟೋ ತೆಗೆದು, ಹಳೆಯ ಬಾಟಲಿ, ಬಾಗಿಲ ಹಿಡಿಕೆ ನೆನಪಿಗೆ ತರೋಣ" ಎಂದ. ನಾವು ಒಪ್ಪಲಿಲ್ಲ.

1972ರ ಬರಗಾಲದಲ್ಲಿ ನಮ್ಮ ಹಿರಿಯರು ಹಳ್ಳಿಯ ಮನೆಗೆ ಬೀಗ ಹಾಕಿ ಪೇಟೆಗೆ ಬಂದರು. ಕೆಲವು ವರ್ಷಗಳ ಮೇಲೆ ಯಾರೋ ಬಂದು, ಇದು ದಿಕ್ಕಿಲ್ಲದ ಮನೆಯೆಂದು ಫೋಟೋ ತೆಗೆದುಕೊಂಡು, ಬಾಗಿಲ ಹಿತ್ತಾಳೆ ಬಳೆಯನ್ನೂ ಕಿತ್ತುಕೊಂಡು ಹೋದರು. ಅದರ ಬೆಲೆ ಹೆಚ್ಚೇನಲ್ಲ. ಆದರೆ ಮೂವತ್ತು ವರ್ಷ ಆ ಹೊಸ್ತಿಲಿಗೆ ರಂಗೋಲಿ ಹಾಕಿದ ನಮ್ಮ ತಾಯಿ ಸುದ್ದಿ ಕೇಳಿ ಅಂದು ಅನ್ನ ಮುಟ್ಟಲಿಲ್ಲ.

ಬಿದ್ದ ವಸ್ತು, ಮರೆತು ಹೋದ ವಸ್ತುವೂ ಪರರದೇ. ಕೊಡದೆ ಮುಟ್ಟಬಾರದೆಂಬುದು ಅಚೌರ್ಯಾಣುವ್ರತ. ಸಸ್ಕಾಚವಾನಿನ ಸರಕಾರವೂ ಖಾಸಗಿ ಜಮೀನಿಗೆ ಕಾಲಿಡುವ ಮುಂಚೆ ಒಡೆಯನ ಒಪ್ಪಿಗೆ ಬೇಕೆಂದು 2022ರಿಂದ ಕಾಯ್ದೆ ಜಾರಿ ಮಾಡಿದೆ. ಅಲ್ಲದೆ ಹಾಳುಮನೆ ಬರಿದಾಗಿರುವುದಿಲ್ಲ. ಸೂರಿನಲ್ಲಿ ಹಕ್ಕಿಗೂಡು, ನೆಲದಲ್ಲಿ ಇಲಿಯ ಸಂಸಾರ. ಮರಿಗಳಿರುವ ಕಾಲದಲ್ಲಿ ನಾವು ನುಗ್ಗುವುದು ಜೀವದಯೆಯೆ? ಲಡ್ಡು ಹಿಡಿದ ಹಲಗೆ ಮುರಿದರೆ ನಮ್ಮ ಕಾಲಿಗೂ ಅಪಾಯ.

ಇದನ್ನೆಲ್ಲ ಕೇಳಿ ಹುಡುಗ ಎರಡು ದಿನ ಮುನಿಸಿಕೊಂಡ. ಮೂರನೆಯ ದಿನ ಅಲ್ಲಿಯ ಗ್ರಾಮೀಣ ಆಡಳಿತದ ಕಚೇರಿಯಿಂದ ಜಮೀನುದಾರರ ಹೆಸರಿರುವ ನಕಾಶೆ ತರಿಸಿ, ಮೂವರಿಗೆ ಪತ್ರ ಬರೆದ. ಒಬ್ಬರು ಬೇಡವೆಂದರು, ಆ ಮನೆಯನ್ನು ಯಾದಿಯಿಂದ ತೆಗೆದ. ಒಬ್ಬರ ಉತ್ತರ ಇನ್ನೂ ಬಂದಿಲ್ಲ. ಮತ್ತೊಬ್ಬರು ಒಪ್ಪಿ, "ಅದು ನನ್ನ ತಾಯಿ ಹುಟ್ಟಿದ ಮನೆ, ಒಂದು ಪ್ರತಿ ನನಗೂ ಕಳಿಸು" ಎಂದು ಬರೆದಿದ್ದಾರೆ. ಅದನ್ನು ಓದಿ ಹೇಳುವಾಗ ಮೊಮ್ಮಗನ ದನಿ ಮೆತ್ತಗಾಗಿತ್ತು.

ನಾವೂ ವಿಮಾನ ಹತ್ತುವ ಮುನ್ನ ಹಳ್ಳಿಗೆ ಹೋಗಿ, ಬೀಗ ತೆಗೆದು, ಅಂಗಳ ಗುಡಿಸಿ ಬರುವುದೆಂದು ನಿಶ್ಚಯಿಸಿದ್ದೇವೆ. ವಾಚಕರಲ್ಲಿ ಅನೇಕರಿಗೆ ಇಂಥ ಬೀಗ ಹಾಕಿದ ಮನೆಗಳಿವೆ. ವರ್ಷಕ್ಕೊಮ್ಮೆಯಾದರೂ ಹೋಗಿ ಬನ್ನಿರಿ, ಮಕ್ಕಳನ್ನೂ ಕರೆದೊಯ್ಯಿರಿ.