ರಾಷ್ಟ್ರಪತಿಗಳ ಭಾಷಣವೂ ಅಂಕಣಕಾರರ ಕತ್ತರಿಯೂ

2017ನೆಯ ಇಸವಿ ಅಕ್ಟೋಬರ್ 25ನೆಯ ತಾರೀಖು ಬೆಂಗಳೂರಿನ ವಿಧಾನಸೌಧದಲ್ಲಿ ನಮ್ಮ ಶಾಸನಸಭೆಯ ಉಭಯ ಸದನಗಳ ಸದಸ್ಯರು ಒಟ್ಟುಗೂಡಿದ್ದರು. ಆ ಸೌಧದ ವಜ್ರಮಹೋತ್ಸವದ ನಿಮಿತ್ತವಾಗಿ ಅಂದಿನ ರಾಷ್ಟ್ರಪತಿಗಳಾದ ಶ್ರೀ ರಾಮನಾಥ ಕೋವಿಂದರು ಬಿಜಯಂಗೈದು ಕನ್ನಡನಾಡಿನ ಹಿರಿಮೆಯನ್ನು ಕುರಿತು ಭಾಷಣ ಮಾಡಿದರು. ಅವರು ಅಧಿಕಾರವನ್ನು ವಹಿಸಿಕೊಂಡು ಅಂದಿಗೆ ಸರಿಯಾಗಿ ಮೂರು ತಿಂಗಳು ತುಂಬಿತ್ತು. ಆ ಭಾಷಣದಲ್ಲಿ ಟಿಪ್ಪು ಸುಲ್ತಾನನ ವಿಷಯವಾಗಿ ಬಂದುದು ಎರಡು ಮೂರು ವಾಕ್ಯಗಳು ಮಾತ್ರ. ಆತನು ಬ್ರಿಟಿಷರೊಡನೆ ಕಾದಾಡುತ್ತ ಮಡಿದನೆಂದು ಮೆಚ್ಚಿ ನುಡಿದುದು ಒಂದು; ಮೈಸೂರು ರಾಕೆಟ್ಟುಗಳನ್ನು ಬೆಳೆಸಿ ಯುದ್ಧದಲ್ಲಿ ಬಳಸಿದವರಲ್ಲಿ ಆತನು ಅಗ್ರಗಣ್ಯನೆಂದೂ, ಆ ವಿದ್ಯೆಯನ್ನು ಅನಂತರ ಯೂರೋಪಿನವರು ತಮ್ಮದಾಗಿಸಿಕೊಂಡರೆಂದೂ ಹೇಳಿದುದು ಇನ್ನೊಂದು. ಅಷ್ಟಕ್ಕೇ ಒಂದು ಪಕ್ಷದವರು ಮೇಜು ಕುಟ್ಟಿ ಹರ್ಷಿಸಿದರು. ಮತ್ತೊಂದು ಪಕ್ಷದವರು ಹುಬ್ಬು ಗಂಟಿಕ್ಕಿದರು.

“ರಾಜ್ಯ ಸರಕಾರದವರು ಬರೆದುಕೊಟ್ಟುದನ್ನು ರಾಷ್ಟ್ರಪತಿಗಳು ಓದಿ ಹೋದರು” ಎಂಬ ಮಾತು ಹುಟ್ಟಿದುದು ಆಗಲೇ. ಪಕ್ಷದ ಮುಖಂಡರ ಬಾಯಿಂದ ಅದು ಪತ್ರಿಕೆಗಳ ಅಂಕಣಗಳಿಗೆ ಇಳಿಯಿತು. ಕೋವಿಂದರು 2022ರ ಜುಲೈ 25ರಂದು ಆ ಸ್ಥಾನವನ್ನು ಬಿಟ್ಟಿಳಿದ ಮೇಲೂ, ಟಿಪ್ಪುವಿನ ಹೆಸರು ಎದ್ದಾಗಲೆಲ್ಲ ಆ ಹಳೆಯ ಆಕ್ಷೇಪಣೆಯು ಹೊಸ ಅಂಗಿ ತೊಟ್ಟು ಬೀದಿಗೆ ಬರುವುದನ್ನು ನಮ್ಮ ವಾಚಕರು ಕಂಡಿರಬಹುದು. ಬರೆದವರ ಹೆಸರು ನಮಗೆ ಬೇಕಿಲ್ಲ. ವಾದವೊಂದನ್ನು ತೆಗೆದುಕೊಂಡು ಪರೀಕ್ಷಿಸಿದರೆ ಸಾಕು.

ರಾಷ್ಟ್ರಪತಿಗಳನ್ನು ಯಾರೂ ಟೀಕಿಸಕೂಡದೆಂಬುದು ನಮ್ಮ ಮತವೆಂದು ಯಾರೂ ತಿಳಿಯಬಾರದು. 1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಗೆ ಫಕ್ರುದ್ದೀನ್ ಅಲಿ ಅಹಮದರು ರುಜು ಹಾಕಿದುದನ್ನು ದೇಶವು ಇಂದಿಗೂ ಟೀಕಿಸುತ್ತದೆ, ಟೀಕಿಸತಕ್ಕುದೇ ಸರಿ. ನಮ್ಮ ಜಮಖಂಡಿ ಸೀಮೆಯ ಸಾವಳಗಿಯವರಾದ ಬಸಪ್ಪ ದಾನಪ್ಪ ಜತ್ತಿಯವರು 1977ರಲ್ಲಿ ಹಂಗಾಮಿ ರಾಷ್ಟ್ರಪತಿಗಳಾಗಿದ್ದಾಗ, ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವ ಘೋಷಣೆಗೆ ರುಜು ಹಾಕಲು ಹಿಂದುಮುಂದು ನೋಡಿದರೆಂದು ಕಟುವಾದ ಟೀಕೆಗೆ ಗುರಿಯಾದರು. ಕನ್ನಡಿಗರೆಂಬ ಕಾರಣಕ್ಕೆ ಅವರನ್ನು ಬಿಟ್ಟುಬಿಡಿರೆಂದು ನಾವು ಕೇಳುವವರಲ್ಲ. ಆ ಎರಡು ಪ್ರಸಂಗಗಳಲ್ಲಿಯೂ ಪ್ರಶ್ನೆಯಿದ್ದುದು ಪದವಿಯಲ್ಲಿದ್ದವರು ಮಾಡಿದ ಕಾರ್ಯದ ಮೇಲೆ. ವಿಧಾನಸೌಧದ ಭಾಷಣದ ವಿಷಯದಲ್ಲಾದರೋ, ಆಡಿದ ಮಾತು ನಿಜವೋ ಸುಳ್ಳೋ ಎಂದು ಕೇಳಿದವರೇ ವಿರಳ. ಮಾತಿನಿಂದ ಯಾವ ಪಕ್ಷಕ್ಕೆ ಲಾಭ, ಯಾವ ಪಕ್ಷಕ್ಕೆ ನಷ್ಟ ಎಂಬ ಲೆಕ್ಕವೊಂದೇ ನಡೆಯಿತು. ಮುಂದಿನ ಮೇ ತಿಂಗಳಲ್ಲಿ ವಿಧಾನಸಭೆಯ ಚುನಾವಣೆಯಿತ್ತೆಂಬುದನ್ನು ವಾಚಕರು ಮರೆಯಬಾರದು.

ಬರೆದುಕೊಟ್ಟುದನ್ನು ಓದಿದರೆಂಬ ದೂಷಣೆಯನ್ನೇ ಮೊದಲು ನೋಡೋಣ. ರಾಜ್ಯಪಾಲರು ಪ್ರತಿ ವರ್ಷದ ಮೊದಲ ಅಧಿವೇಶನದಲ್ಲಿ ಮಾಡುವ ಭಾಷಣವುಂಟಷ್ಟೆ. ಸಂವಿಧಾನದ 176ನೆಯ ಅನುಚ್ಛೇದದ ಮೇರೆಗೆ ನಡೆಯುವ ಆ ಭಾಷಣವನ್ನು ರಾಜ್ಯದ ಮಂತ್ರಿಮಂಡಲವೇ ಸಿದ್ಧಪಡಿಸುವುದು. ರಾಷ್ಟ್ರಪತಿಗಳು ಪಾರ್ಲಿಮೆಂಟಿನಲ್ಲಿ 87ನೆಯ ಅನುಚ್ಛೇದದಂತೆ ಮಾಡುವ ಭಾಷಣವು ಕೇಂದ್ರದ ಮಂತ್ರಿಮಂಡಲದ್ದು. ಆದರೆ ರಾಜ್ಯವೊಂದರ ಉತ್ಸವಕ್ಕೆ ಅತಿಥಿಗಳಾಗಿ ಬಂದ ರಾಷ್ಟ್ರಪತಿಗಳು ಆ ರಾಜ್ಯದ ಮಂತ್ರಿಗಳ ಮಾತನ್ನು ಓದಬೇಕೆಂದು ಯಾವ ಅನುಚ್ಛೇದವೂ ವಿಧಿಸಿಲ್ಲ. ರಾಷ್ಟ್ರಪತಿಗಳಿಗೆ ಸಲಹೆ ಕೊಡುವ ಅಧಿಕಾರವು 74ನೆಯ ಅನುಚ್ಛೇದದಂತೆ ಕೇಂದ್ರದ ಮಂತ್ರಿಮಂಡಲಕ್ಕೆ ಸೇರಿದ್ದು. ಬೆಂಗಳೂರಿನ ಮಂತ್ರಿಗಳಿಗೆ ಸೇರಿದ್ದಲ್ಲ. ರಾಜ್ಯಪಾಲರ ಕಟ್ಟುಪಾಡನ್ನು ತಂದು ರಾಷ್ಟ್ರಪತಿಗಳ ಕೊರಳಿಗೆ ಹಾಕಿದುದು ಅಂಕಣಕಾರ ಮಹಾಶಯರ ಮರೆವೋ, ಜಾಣತನವೋ ನಾವರಿಯೆವು. ರಾಜ್ಯದಿಂದ ಮಾಹಿತಿ ತರಿಸಿಕೊಳ್ಳುವುದು ವಾಡಿಕೆಯೇ. ತರಿಸಿಕೊಂಡುದನ್ನು ತೂಗಿ ನೋಡಿ ಆಡುವ ಹೊಣೆ ಮಾತ್ರ ಆಡಿದವರದು. ಕೋವಿಂದರು ವಕೀಲಿ ವೃತ್ತಿಯಲ್ಲಿ ಪಳಗಿದವರು, ಬಿಹಾರದ ರಾಜ್ಯಪಾಲರಾಗಿದ್ದವರು. ಮೇಲಾಗಿ, ಅಂದು ಹುಬ್ಬು ಗಂಟಿಕ್ಕಿದ ಪಕ್ಷದಿಂದಲೇ ಬಂದವರು. ಅಂತಹವರು ಎದುರು ಪಕ್ಷದವರ ಕೈಗೊಂಬೆಯಾಗಿ, ತಾವೇನು ಓದುತ್ತಿದ್ದೇವೆಂಬ ಅರಿವಿಲ್ಲದೆ ಓದಿದರೆಂದು ಹೇಳುವುದು ಯಾರಿಗೆ ಅಪಮಾನ? ರಾಷ್ಟ್ರಪತಿಗಳು ಪತ್ರಿಕೆಗಳಿಗೆ ಜವಾಬು ಬರೆಯುವ ಪದ್ಧತಿಯಿಲ್ಲ. ಆ ಮೌನದ ಭರವಸೆಯ ಮೇಲೆಯೇ ಇಂತಹ ಮಾತುಗಳು ಧೈರ್ಯವಾಗಿ ಅಚ್ಚಾಗುವುದು.

ಇನ್ನು, ಆಡಿದ ಮಾತು ನಿಜವೆ? ಇದಕ್ಕೆ ದೆಹಲಿಯ ದಫ್ತರಗಳನ್ನು ಶೋಧಿಸಬೇಕಾದುದಿಲ್ಲ. ಶ್ರೀರಂಗಪಟ್ಟಣದ ಹತ್ತಿರದ ಕರಿಘಟ್ಟವನ್ನು ಹತ್ತಿದರಾಯಿತು. ವೈಕುಂಠ ಶ್ರೀನಿವಾಸನ ದರ್ಶನವನ್ನು ಮುಗಿಸಿಕೊಂಡು ಗುಡಿಯ ಅಂಗಳದಲ್ಲಿ ನಿಂತು ಕೆಳಗೆ ನೋಡಿದರೆ, ಲೋಕಪಾವನಿಯು ಬಂದು ಕಾವೇರಿಯಲ್ಲಿ ಕೂಡುವುದು ಕಾಣುವುದು. ಆಚೆಗೆ ದ್ವೀಪದ ಮೇಲೆ ಶ್ರೀರಂಗನಾಥನ ಗೋಪುರವೂ, ಜುಮ್ಮಾ ಮಸೀದಿಯ ಜೋಡಿ ಮಿನಾರುಗಳೂ ಒಂದೇ ನೋಟಕ್ಕೆ ಸಿಕ್ಕುವುವು. ಜಾತ್ರೆಗೆ ಬರುವ ಒಕ್ಕಲಮಕ್ಕಳಿಗೆ ಇದು ಪುಣ್ಯಕ್ಷೇತ್ರ. ಯುದ್ಧಚರಿತ್ರೆಯನ್ನು ಓದಿದವರಿಗೆ ಇದು ಪಟ್ಟಣದ ಹೊರಬಾಗಿಲು. 1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯವು ಮೂರು ಸಾಲಾಗಿ ಪಟ್ಟಣದ ಮೇಲೆ ಬಿದ್ದಾಗ, ಮ್ಯಾಕ್ಸ್‌ವೆಲ್ಲನ ಪಡೆಯು ಮೊದಲು ಹಿಡಿದುದು ಈ ಬೆಟ್ಟವನ್ನು. ಅನಂತರ ಲೋಕಪಾವನಿಯನ್ನು ದಾಟಿ ಕಾವೇರಿಗೆ ಇಳಿಯಿತು. ಆ ಯುದ್ಧದ ಕೊನೆಗೆ ಟಿಪ್ಪುವು ಅರ್ಧ ರಾಜ್ಯವನ್ನೂ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಒಪ್ಪಿಕೊಟ್ಟು, ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು. ಏಳು ವರ್ಷಗಳ ಮೇಲೆ, 1799ರ ಮೇ 4ರ ನಡುಹಗಲಲ್ಲಿ ಕೋಟೆಯ ಗೋಡೆ ಒಡೆದು ಶತ್ರುಗಳು ಒಳನುಗ್ಗಿದಾಗ, ಆತನು ಓಡಿಹೋಗದೆ ಕಾದಾಡಿ ಸತ್ತನು. ಹೆಣವು ಸಿಕ್ಕಿದುದು ಕೋಟೆಯ ಬಾಗಿಲ ಬಳಿ, ಸತ್ತವರ ರಾಶಿಯ ನಡುವೆ. ಇದನ್ನು ಬರೆದಿಟ್ಟವರು ಆತನ ಶತ್ರುಗಳೇ. ರಾಷ್ಟ್ರಪತಿಗಳು ಹೇಳಿದುದರಲ್ಲಿ ಇದಕ್ಕಿಂತ ಹೆಚ್ಚಿನದೇನಿದೆ?

ರಾಕೆಟ್ಟಿನ ಮಾತೂ ಹಾಗೆಯೇ. ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ಗಿಡಿದು, ಉದ್ದನೆಯ ಬಿದಿರುಗಳಕ್ಕೆ ಬಿಗಿದು ಹಾರಿಸುತ್ತಿದ್ದ ಈ ಆಯುಧಕ್ಕೆ ನಮ್ಮವರು ಬಾಣವೆಂದೇ ಹೇಳುತ್ತಿದ್ದರು. ಕಾಗದದ ಕೊಳವೆಗಿಂತ ಕಬ್ಬಿಣದ್ದು ಹೆಚ್ಚು ಒತ್ತಡವನ್ನು ತಡೆಯುವುದರಿಂದ ಬಾಣವು ಬಹು ದೂರ ಹೋಗುತ್ತಿದ್ದಿತು. 1799ರ ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆಯ ತೋಪಿನಲ್ಲಿ ಬಾಣಗಳಿಗೂ ತುಪಾಕಿಗಳಿಗೂ ಸಿಕ್ಕಿ ದಿಕ್ಕೆಟ್ಟು ಹಿಂದೆಗೆದವನು ಆರ್ಥರ್ ವೆಲ್ಲೆಸ್ಲಿ. ಮುಂದೆ ನೆಪೋಲಿಯನ್ನನನ್ನು ಗೆದ್ದ ವೆಲಿಂಗ್ಟನ್ನನೇ ಅವನು. ಪಟ್ಟಣ ಬಿದ್ದ ಮೇಲೆ ಬಾಣಗಳು ಇಂಗ್ಲೆಂಡಿಗೆ ಸಾಗಿದುವು. ವುಲ್ಲಿಚ್ಚಿನಲ್ಲಿ ವಿಲಿಯಂ ಕಾಂಗ್ರೀವನು ಆ ವಿದ್ಯೆಯನ್ನು ತಿದ್ದಿ ಬೆಳೆಸಿದನು. 1807ರಲ್ಲಿ ಕೋಪನ್‌ಹೇಗನ್ ನಗರವು ಅವನ ರಾಕೆಟ್ಟುಗಳಿಂದ ಉರಿಯಿತು. ಭಾಷಣವಾಗಿ ಒಂದು ವರ್ಷ ತುಂಬುವ ಮೊದಲೇ, 2018ರ ಜುಲೈಯಲ್ಲಿ, ಹೊಸನಗರ ತಾಲ್ಲೂಕಿನ ನಗರದ ಪಾಳು ಬಾವಿಯೊಂದರ ಹೂಳಿನಿಂದ ಸಾವಿರಕ್ಕೂ ಮಿಕ್ಕಿದ ತುಕ್ಕುಹಿಡಿದ ಬಾಣಗಳು ಹೊರಬಂದುವು. ಅವುಗಳನ್ನೂ ರಾಜ್ಯ ಸರಕಾರದವರು ಬರೆದುಕೊಟ್ಟುದೆಂದು ಯಾರೂ ಹೇಳಿದಂತೆ ಕಾಣೆವು. ಒಂದು ಕೊರತೆಯನ್ನು ನಾವು ಒಪ್ಪುತ್ತೇವೆ: ಬಾಣದ ದಳಗಳು ತಂದೆ ಹೈದರನ ಕಾಲದಲ್ಲಿಯೇ ಇದ್ದುವು. 1780ರ ಪೊಳ್ಳಿಲೂರಿನ ಕಾಳಗದಲ್ಲಿ ಅವು ಇದ್ದುವು. ಆ ಕಾಳಗದ ಚಿತ್ರವನ್ನು ಇಂದಿಗೂ ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ ಕಾಣಬಹುದು. ಹೈದರನ ಹೆಸರನ್ನು ಏಕೆ ಬಿಟ್ಟಿರೆಂದು ಅಂಕಣಕಾರರು ಕೇಳಿದ್ದರೆ ನಾವು ತಲೆದೂಗುತ್ತಿದ್ದೆವು. ಅಂತಹ ಟೀಕೆಗೆ ಸ್ವಲ್ಪ ಓದು ಬೇಕಾಗುವುದು.

ಅವರ ಬತ್ತಳಿಕೆಯಲ್ಲಿ ಒಂದು ಗಟ್ಟಿಯಾದ ಅಂಬು ಇದೆಯೆಂಬುದನ್ನು ಮರೆಮಾಚಲಾರೆವು. ಟಿಪ್ಪುವಿನ ಕ್ರೌರ್ಯಗಳನ್ನು ರಾಷ್ಟ್ರಪತಿಗಳು ಏಕೆ ಹೇಳಲಿಲ್ಲ? ಕೊಡಗಿನಿಂದ ಸಹಸ್ರಗಟ್ಟಲೆ ಜನರನ್ನು ಸೆರೆಹಿಡಿದು ತಂದುದು ನಿಜ. 1784ರಲ್ಲಿ ಮಂಗಳೂರು ಸೀಮೆಯ ಕ್ರೈಸ್ತರನ್ನು ಮನೆಮಾರು ಬಿಡಿಸಿ ಘಟ್ಟ ಹತ್ತಿಸಿ ಪಟ್ಟಣಕ್ಕೆ ನಡೆಸಿದುದು ನಿಜ; ದಾರಿಯಲ್ಲಿಯೂ ಸೆರೆಯಲ್ಲಿಯೂ ಸತ್ತವರು ಬಹಳ. ಕರಿಘಟ್ಟದಿಂದ ಒಂದು ದಿನದ ನಡಿಗೆಗೂ ಕಡಿಮೆಯಾದ ಮೇಲುಕೋಟೆಯಲ್ಲಿ ಮಂಡ್ಯಂ ಅಯ್ಯಂಗಾರರ ಮನೆಗಳು ಇಂದಿಗೂ ನರಕಚತುರ್ದಶಿಯಂದು ಹಬ್ಬ ಮಾಡುವುದಿಲ್ಲ; ತಮ್ಮ ಹಿರಿಯರನ್ನು ಟಿಪ್ಪುವು ಆ ದಿನ ಕೊಲ್ಲಿಸಿದನೆಂಬ ನೆನಪು ಆ ಕುಲದಲ್ಲಿ ನಡೆದುಬಂದಿದೆ. ಆ ಮನೆಗಳ ದುಃಖವನ್ನು ಹಗುರಮಾಡಿ ಮಾತನಾಡುವವರು ನಮಗೆ ಬೇಕಿಲ್ಲ. 1791ರಲ್ಲಿ ಮರಾಠರ ದಂಡು ಶೃಂಗೇರಿಯನ್ನು ಸುಲಿದಾಗ ಅದೇ ಟಿಪ್ಪುವು ಜಗದ್ಗುರುಗಳಿಗೆ ಕನ್ನಡದಲ್ಲಿ ಕಾಗದಗಳನ್ನು ಬರೆದು ದೇವಿಯ ಪುನಃಪ್ರತಿಷ್ಠೆಗೆ ದ್ರವ್ಯವನ್ನು ಕಳುಹಿಸಿದನು. ಆ ಕಾಗದಗಳನ್ನು 1916ರಲ್ಲಿ ಬೆಳಕಿಗೆ ತಂದವರು ಪ್ರಾಕ್ತನ ವಿಮರ್ಶಕರಾದ ಆರ್. ನರಸಿಂಹಾಚಾರ್ಯರು. ಒಂದನ್ನು ಹಿಡಿದು ಇನ್ನೊಂದನ್ನು ಅಳಿಸಲು ಬರುವುದಿಲ್ಲ. ಆದರೆ ಉತ್ಸವದ ಭಾಷಣದಲ್ಲಿ ಒಬ್ಬೊಬ್ಬರಿಗೆ ಒಂದೆರಡು ವಾಕ್ಯ ಸಲ್ಲುವಾಗ, ಯಾರ ಪೂರ್ಣ ಜಾತಕವನ್ನೂ ಓದಲಾಗದು. ಕೃಷ್ಣದೇವರಾಯನ ವಿಷಯವನ್ನಾಡುವಾಗ ಆತನು ಮುತ್ತಿದ ಊರುಗಳ ಲೆಕ್ಕವನ್ನು ಯಾವ ಅಂಕಣವೂ ಕೇಳಲಿಲ್ಲ.

ನಮಗೆ ಎಲ್ಲಕ್ಕಿಂತ ಹೆಚ್ಚಾಗಿ ನೋವಾದುದು ಬೇರೊಂದು ಸಂಗತಿಯಿಂದ. ಆ ಭಾಷಣದಲ್ಲಿ ಟಿಪ್ಪುವಿನ ಅಕ್ಕಪಕ್ಕದಲ್ಲಿ ಯಾರು ಯಾರಿದ್ದರೆಂಬುದನ್ನು ಎಷ್ಟು ಜನ ಅಂಕಣಕಾರರು ತಮ್ಮ ವಾಚಕರಿಗೆ ತಿಳಿಸಿದರು? ಜೈನ ಬೌದ್ಧ ಪರಂಪರೆಗಳು, ಶಂಕರಾಚಾರ್ಯರ ಶೃಂಗೇರಿ, ಗುಲ್ಬರ್ಗದ ಸೂಫಿಗಳು, ಬಸವಣ್ಣನವರು, ವಿಜಯನಗರದ ಕೃಷ್ಣದೇವರಾಯ, ಬೆಂಗಳೂರಿನ ಕೆಂಪೇಗೌಡ, ಕಿತ್ತೂರಿನ ಚೆನ್ನಮ್ಮ, ರಾಣಿ ಅಬ್ಬಕ್ಕ, ಕೊಡಗಿನ ವೀರರಾದ ಕಾರಿಯಪ್ಪ ತಿಮ್ಮಯ್ಯನವರು. ಏಕೀಕರಣಕ್ಕೆ ಮುಂಚಿನ ನಕ್ಷೆಯನ್ನು ಬಲ್ಲ ಉಪಾಧ್ಯಾಯರು ಈ ಹೆಸರುಗಳನ್ನು ಆ ನಕ್ಷೆಯ ಮೇಲೆ ಇಟ್ಟು ನೋಡಲಿ. ಕಿತ್ತೂರು ಮುಂಬಯಿ ಇಲಾಖೆಯಲ್ಲಿದ್ದಿತು. ಬಸವಣ್ಣನವರ ಕಲ್ಯಾಣವೂ ಗುಲ್ಬರ್ಗವೂ ನಿಜಾಮನ ಕೈಯಲ್ಲಿದ್ದುವು. ಅಬ್ಬಕ್ಕನ ಉಳ್ಳಾಲವು ಮದರಾಸಿಗೆ ಸೇರಿತ್ತು, 1953ರ ವರೆಗೆ ಹಂಪೆಯೂ ಅಲ್ಲಿಯದೇ. ಕೊಡಗು ತನ್ನ ಪಾಡಿಗೆ ತಾನಿದ್ದಿತು. ಶೃಂಗೇರಿ, ಬೆಂಗಳೂರು, ಶ್ರೀರಂಗಪಟ್ಟಣಗಳು ಮೈಸೂರಿನವು. ಐದು ಕಡೆಗೆ ಹರಿದು ಹಂಚಿಹೋಗಿದ್ದ ನಾಡಿನ ಐದೂ ಭಾಗಗಳನ್ನು ಉತ್ತರದೇಶದಿಂದ ಬಂದ ರಾಷ್ಟ್ರಪತಿಗಳೊಬ್ಬರು ಒಂದೇ ಉಸಿರಿನಲ್ಲಿ ಕನ್ನಡನಾಡೆಂದು ಕರೆದರು. ಅದೂ ಯಾವ ಸೌಧದಲ್ಲಿ? ಏಕೀಕರಣವಾದ 1956ರಲ್ಲಿಯೇ ಮುಗಿದ ಸೌಧದಲ್ಲಿ. ಸ್ವಪಕ್ಷದ ಹಳೆಯ ಮೈಸೂರಿನ ಹಲವರು ಬೇಡವೆಂದರೂ ಏಕೀಕರಣಕ್ಕೆ ಬೆಂಬಲವಾಗಿ ನಿಂತ ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ಸೌಧದಲ್ಲಿ.

ಕರಿಘಟ್ಟದ ಕೆಳಗೆ ನಡೆದ ಆ ಯುದ್ಧಕ್ಕೂ ನಾಡು ಹರಿದುಹೋದುದಕ್ಕೂ ಸಂಬಂಧವಿಲ್ಲದೆ ಇಲ್ಲ. 1799ರ ಮೇ ತಿಂಗಳಲ್ಲಿ ಪಟ್ಟಣ ಬಿದ್ದೊಡನೆ ಕನ್ನಡ ಜಿಲ್ಲೆಯು ಕಂಪೆನಿಗೆ ಹೋಯಿತು. ನಿಜಾಮನಿಗೆ ಒಂದು ಪಾಲಾಯಿತು. ಮರುವರ್ಷವೇ ಅವನು ಬಳ್ಳಾರಿಯ ಸೀಮೆಯನ್ನು ಕಂಪೆನಿಗೆ ಬಿಟ್ಟುಕೊಟ್ಟನು. ಉಳಿದುದಕ್ಕೆ ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟದಲ್ಲಿ ಕೂರಿಸಿದರು. ಶ್ರೀರಂಗಪಟ್ಟಣದ ದ್ವೀಪವನ್ನು ಮಾತ್ರ ಕಂಪೆನಿಯು ತನ್ನಲ್ಲಿಯೇ ಇಟ್ಟುಕೊಂಡಿತು. ಆ ಹಂಚಿಕೆಯ ಗಡಿಗಳನ್ನು ಅಳಿಸಲು ನಮ್ಮ ಹಿರಿಯರು ಎರಡು ತಲೆಮಾರು ಬೆವರು ಸುರಿಸಬೇಕಾಯಿತು. ಅಂತಹ ಒಂದು ಪಟ್ಟಿಯಿಂದ ಒಂದೇ ಹೆಸರನ್ನು ಕತ್ತರಿಸಿ ಮತಗಳ ಸಂತೆಗೆ ಒಯ್ದರಲ್ಲ!

ಮೇಜು ಕುಟ್ಟಿದವರಿಗೂ ಒಂದು ಮಾತು ಸಲ್ಲಬೇಕು. ಅವರು ಚೆನ್ನಮ್ಮನಿಗಾಗಿ, ಅಬ್ಬಕ್ಕನಿಗಾಗಿ ಅಷ್ಟು ಜೋರಾಗಿ ಕುಟ್ಟಿದ್ದರೆ ನಮಗೆ ಸಂತೋಷವಾಗುತ್ತಿತ್ತು. ಟಿಪ್ಪು ಜಯಂತಿಯನ್ನು 2015ರಲ್ಲಿ ಸರಕಾರದ ವೆಚ್ಚದಿಂದ ಆರಂಭಿಸುವಾಗ ಕೊಡಗಿನವರ ಮನಸ್ಸನ್ನು ಮೊದಲು ಅರಿತುಕೊಳ್ಳಬೇಕಾಗಿತ್ತು; ಆ ವರ್ಷ ಮಡಿಕೇರಿಯಲ್ಲಿ ಪ್ರಾಣಹಾನಿಯೇ ಆಯಿತು. 2019ರಲ್ಲಿ ಬಂದ ಸರಕಾರವು ಜಯಂತಿಯನ್ನು ರದ್ದುಪಡಿಸಿತು. ಅಷ್ಟಕ್ಕೆ ತೃಪ್ತಿಯಾಗದೆ, ಟಿಪ್ಪುವನ್ನು ಪಾಠಪುಸ್ತಕಗಳಿಂದಲೇ ತೆಗೆಯುವ ಮಾತೂ ಅದೇ ವರ್ಷ ಎದ್ದಿತು. ಒಬ್ಬರು ಮೆರವಣಿಗೆಗೆ ಕೂರಿಸಿದರು, ಇನ್ನೊಬ್ಬರು ಇಳಿಸಿದರು; ಪಾಠ ಹೇಳುವ ಮೇಷ್ಟ್ರು ನಡುವೆ ಸಿಕ್ಕಿಕೊಂಡರು.

ಆದುದರಿಂದ ನಮ್ಮ ಉಪಾಧ್ಯಾಯ ಮಿತ್ರರಲ್ಲಿ ಒಂದು ಬಿನ್ನಹ. ಅಂಕಣದ ತುಂಡನ್ನು ಬದಿಗಿಟ್ಟು ಭಾಷಣದ ಪೂರ್ಣಪಾಠವನ್ನು ತರಿಸಿಕೊಳ್ಳಿ. ಅದು ಗುಟ್ಟಿನ ಕಾಗದವಲ್ಲ. ಮಕ್ಕಳನ್ನು ಒಂದು ಭಾನುವಾರ ಕರಿಘಟ್ಟಕ್ಕೆ ಕರೆದುಕೊಂಡು ಹೋಗಿ. ಮ್ಯಾಕ್ಸ್‌ವೆಲ್ಲನು ಏರಿದುದು ಈ ಬೆಟ್ಟವನ್ನು, ಟಿಪ್ಪು ಬಿದ್ದುದು ಆ ಕೋಟೆಯಲ್ಲಿ, ಮಂಗಳೂರಿನ ಸೆರೆಯಾಳುಗಳನ್ನು ತಂದುದು ಈ ಪಟ್ಟಣಕ್ಕೆ, ಮೇಲುಕೋಟೆ ಇರುವುದು ಅತ್ತ ಉತ್ತರಕ್ಕೆ ಎಂದು ಕೈ ತೋರಿಸಿ ಎಲ್ಲವನ್ನೂ ಹೇಳಿ. ಸೆಕೆ ಏರುವುದಕ್ಕೆ ಮೊದಲೇ ಹತ್ತುವುದು ಮೇಲು. ಮೆಟ್ಟಿಲುಗಳು ನಾಲ್ಕುನೂರಕ್ಕೂ ಹೆಚ್ಚು ಇವೆ.